ಗಂಡನ ಹೆಸರು ನಮೂದಿಸಿ

ಕಾಶಿನಾಥ ಸರ್ ಅವರ ಪ್ರಕಾರ ಜಗತ್ತಿನ ಪ್ರೋಗ್ರಾಮುಗಳೆಲ್ಲ ಹುಟ್ಟುವಾಗ ನಿರ್ದೋಷಿಗಳೇ. ಅವನ್ನು ಕೆಡಿಸುವವರು ಬಳಸುವ ಜನ. ಕುಂದಗೋಳದ ಕಾಲೇಜೊಂದರಲ್ಲಿ ಇಪ್ಪತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದ ಅವರು, ಬೇರೆ ಯಾರೂ ಸಿಗದ ಕಾರಣ ಮೂರು ವರ್ಷಗಳಿಂದ ಕಂಪ್ಯೂಟರನ್ನೂ ಕಲಿಸುತ್ತಿದ್ದರು. ಮೊದಲ ತರಗತಿಯಲ್ಲೇ ಬೋರ್ಡಿನ ಮೇಲೆ ‘ಬಳಕೆದಾರನನ್ನು ನಂಬಬೇಡಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಒಂದು ಗೆರೆ ಸಾಲುತ್ತಿರಲಿಲ್ಲ.

ಆ ಮಾತನ್ನು ಎರಡೂ ಗೆರೆಗಳ ಸಮೇತ ನೋಟುಬುಕ್ಕಿಗೆ ಇಳಿಸಿಕೊಂಡವಳು ರೂಬಿನಾ. ಬಿ.ಎಸ್‌ಸಿ. ಎರಡನೆಯ ವರ್ಷ, ಅಪ್ಪ ಗೌಸ್ ಸಂಶಿಯಲ್ಲಿ ಪಂಪಿನ ಮೋಟಾರು ದುರಸ್ತಿ ಮಾಡುವ ಅಂಗಡಿ ಇಟ್ಟಿದ್ದ. ಅವಳು ಪೈಥಾನ್ ಕಲಿಯಲು ಶುರುಮಾಡಿ ಎರಡೂವರೆ ತಿಂಗಳಾಗಿತ್ತು. ಆ ಕಲಿಕೆಗೆ ತಕ್ಕ ಪ್ರಾಜೆಕ್ಟ್ ಒಂದನ್ನು ಸರ್ ತಾವೇ ಕೊಟ್ಟರು. ಇಪ್ಪತ್ತು ಅಂಕ.

ಸರ್ ಕಟ್ಟಿಕೊಂಡ ಐದು ಮಂದಿಯ ಸೇವಾ ಬಳಗವೊಂದಿತ್ತು. ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದು ಈ ಬಳಗ ಕಳಿಸುವ ಪಟ್ಟಿಯ ಐವತ್ತು ಜನರಿಗೆ ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಪೊರೆ ತೆಗೆಯುತ್ತಿತ್ತು. ಒಬ್ಬರಿಗೆ ಒಂದು ಕಣ್ಣು. ಹೋದ ವರ್ಷ ಪಟ್ಟಿಯನ್ನು ನೋಟುಬುಕ್ಕಿನಲ್ಲಿ ಮಾಡಿದ್ದರು. ಹೆಸರು ಬರೆಸಿದವರು ಅಣ್ಣ, ಅಳಿಯ, ಬಾಜು ಮನೆಯವರು. ಹೀಗಾಗಿ ಒಂಬತ್ತು ಜನ ಕಣ್ಣಿನಲ್ಲಿ ಯಾವ ದೋಷವೂ ಇಲ್ಲದೆ ಹುಬ್ಬಳ್ಳಿ ನೋಡಿಕೊಂಡು ಬಂದರು; ಮೂವರು ಪಟ್ಟಿ ಆಗುವ ಮೊದಲೇ ತೀರಿಕೊಂಡಿದ್ದರು. ಇನ್ನೊಮ್ಮೆ ಇಂಥ ಪಟ್ಟಿ ಬಂದರೆ ಶಿಬಿರವೇ ಇಲ್ಲವೆಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಸರ್ ಒಂದು ರಾತ್ರಿ ವಿಚಾರ ಮಾಡಿ ಎರಡು ನಿಯಮ ರಚಿಸಿದರು. ಪಟ್ಟಿ ಕಂಪ್ಯೂಟರಿನಲ್ಲಿ ಆಗಬೇಕು. ಪ್ರತಿ ಉತ್ತರವೂ ಅರ್ಜಿದಾರರ ಸ್ವಂತ ಬಾಯಿಂದಲೇ ಬರಬೇಕು; ಬಾಜು ನಿಂತವರು ಹೇಳಿದ್ದು ನಡೆಯದು, ಟೈಪ್ ಮಾಡುವವರಿಗೆ ಮೊದಲೇ ಗೊತ್ತಿದ್ದದ್ದೂ ನಡೆಯದು.

ರೂಬಿನಾ ಬರೆದದ್ದು ಸರಳ ಪ್ರೋಗ್ರಾಮು. ಕಪ್ಪು ತೆರೆ, ಬಿಳಿ ಅಕ್ಷರ, ನಾಲ್ಕು ಪ್ರಶ್ನೆ. ಹೆಸರು ನಮೂದಿಸಿ. ವಯಸ್ಸು ನಮೂದಿಸಿ. ಗಂಡನ ಹೆಸರು ನಮೂದಿಸಿ. ಯಾವ ಕಣ್ಣು, ಎಡಕ್ಕೆ 1, ಬಲಕ್ಕೆ 2. ಮೂರನೆಯ ಪ್ರಶ್ನೆ ಹೆಂಗಸರಿಗೆ ಮಾತ್ರ. ಗಂಡಸರು ತಾವು ಯಾರೆಂದು ಹೇಳಿದರೆ ಪ್ರೋಗ್ರಾಮು ಅಷ್ಟಕ್ಕೇ ಒಪ್ಪಿಕೊಳ್ಳುತ್ತಿತ್ತು. ಬಳಕೆದಾರನನ್ನು ನಂಬಬಾರದೆಂಬ ಸೂತ್ರಕ್ಕೆ ಅದೊಂದು ಸಣ್ಣ ರಿಯಾಯಿತಿ.

ಮೊದಲ ಪರೀಕ್ಷೆ ಮನೆಯಲ್ಲೇ ನಡೆಯಿತು, ಅವಳ ಅಜ್ಜಿ ರಹೀಮಾಬಿಯ ಮೇಲೆ.

“ವಯಸ್ಸೆಷ್ಟು ದಾದಿ?”

“ನಿಮ್ಮಪ್ಪ ಹುಟ್ಟಿದಾಗ ನನಗ ಹದಿನೆಂಟು. ಅಂವಗೀಗ ಎಷ್ಟು ಅನ್ನೂದನ್ನ ಅವನ್ನ ಕೇಳು.”

ರೂಬಿನಾ ಹೇಳಿದ್ದನ್ನು ಹೇಳಿದಂತೆಯೇ ಟೈಪ್ ಮಾಡಿದಳು. ಪ್ರೋಗ್ರಾಮು ಅಲ್ಲೇ ಬಿದ್ದುಹೋಯಿತು. ಅಂಕಿ ಬರುವವರೆಗೆ ಮತ್ತೆ ಮತ್ತೆ ಕೇಳುವಂತೆ ಅವಳು ಅದನ್ನು ತಿದ್ದಿದಳು. ಕನ್ನಡದ ಅಂಕಿಯಲ್ಲಿ ೬೫ ಎಂದು ಬರೆದರೂ ಯಂತ್ರ ತಕರಾರಿಲ್ಲದೆ ಒಪ್ಪಿದ್ದು ಅವಳಿಗೆ ಬಹಳ ಹಿಡಿಸಿತು. ಕಣ್ಣಿನ ಪ್ರಶ್ನೆಗೆ ರಹೀಮಾಬಿ, “ಎಡ ಅಂದ್ರ ನಿನ್ನ ಎಡಾನೋ ನನ್ನ ಎಡಾನೋ?” ಎಂದಳು. ಪ್ರಶ್ನೆಗೆ ‘ನಿಮ್ಮ’ ಎಂಬ ಶಬ್ದ ಸೇರಿತು. ಗಂಡನ ಹೆಸರಿಗೆ ರಹೀಮಾಬಿ ಕೊಟ್ಟ ಉತ್ತರ, “ಗೌಸನ ಅಬ್ಬಾ.” ಪ್ರೋಗ್ರಾಮು ಅದನ್ನೂ ನುಂಗಿಕೊಂಡಿತು.

ಮರುದಿನ ಸರ್ ಇದನ್ನು ನೋಡಿ ಕನ್ನಡಕ ತೆಗೆದರು. “‘ಗೌಸನ ಅಬ್ಬಾ’ ಅನ್ನೂದು ಹೆಸರಲ್ಲ, ಸಂಬಂಧ.”

“ಹಳೇ ಮಂದಿ ಗಂಡನ ಹೆಸರು ಹೇಳೂದಿಲ್ರಿ ಸರ್. ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗ್ತೈತಿ ಅಂತಾರ.”

“ಅದು ಬಳಕೆದಾರರ ಸಮಸ್ಯೆ. ನಮ್ಮದಲ್ಲ. ಸರಿಯಾದ ಉತ್ತರ ಬರೂಮಟ ಬಿಡಬಾರದು.”

ಬಿಡದಿರುವುದು ಹೇಗೆ ಎಂಬುದರ ಮೇಲೆ ಒಂದು ವಾರ ಹೋಯಿತು. ಬರೀ ಅಕ್ಷರಗಳನ್ನಷ್ಟೇ ಒಪ್ಪಬೇಕೆಂದು ಸರ್ ಸೂಚಿಸಿದರು. ಪೈಥಾನಿನಲ್ಲಿ ಅದಕ್ಕೊಂದು ಸಿದ್ಧ ಸಾಧನವಿದೆ. ಅದನ್ನು ಜೋಡಿಸಿದಾಗ ಪ್ರೋಗ್ರಾಮು ‘ಕಮಲ’ವನ್ನು ಒಪ್ಪಿ ‘ನಬೀಸಾಬ’ನನ್ನೂ ‘ಕಾಶಿನಾಥ’ನನ್ನೂ ತಳ್ಳಿಹಾಕಿತು. ಸಂಜೆವರೆಗೆ ಕುಳಿತು ಹುಡುಕಿದ ಮೇಲೆ ತಿಳಿದದ್ದೇನೆಂದರೆ, ಕನ್ನಡದ ಕಾಗುಣಿತದ ಚಿಹ್ನೆಗಳನ್ನೂ ಒತ್ತನ್ನೂ ಆ ಸಾಧನ ಅಕ್ಷರವೆಂದು ಲೆಕ್ಕಿಸುವುದಿಲ್ಲ. ತಮ್ಮ ಹೆಸರೇ ಅಮಾನ್ಯವಾದದ್ದು ಸರ್ ಅವರಿಗೆ ಸೇರಲಿಲ್ಲ. ಆಗ ಅವರು ಎಲ್ಲಿಂದಲೋ, ನೋಂದಣಿ ನಡೆಯಬೇಕಿದ್ದ ಸಂಶಿಯ ಓಣಿಯ ಮನೆ ಯಜಮಾನರ ಯಾದಿ ತಂದರು. ಮನೆ ನಂಬರಿನ ಪ್ರಕಾರ ಇನ್ನೂರ ಹನ್ನೊಂದು ಹೆಸರು. ಹೇಳಿದ ಹೆಸರು ಯಾದಿಯಲ್ಲಿದ್ದರೆ ಮಾತ್ರ ಗಂಡ. ಇಲ್ಲದಿದ್ದರೆ ‘ತಪ್ಪು, ಮತ್ತೆ ನಮೂದಿಸಿ.’ ಯಾದಿ ಹನ್ನೆರಡು ವರ್ಷ ಹಳೆಯದು. ತೀರಿಕೊಂಡ ಯಜಮಾನರೂ ಅದರಲ್ಲಿ ಹಾಗೆಯೇ ಇದ್ದದ್ದರಿಂದ ವಿಧವೆಯರಿಗೆ ಅನುಕೂಲವೇ ಆಯಿತು.

ನೋಂದಣಿ ಒಂದು ರವಿವಾರ, ಸಂಶಿಯ ಶಾಲೆಯ ಕೋಣೆಯಲ್ಲಿ. ಲೈನಿನ ದುರಸ್ತಿಯೆಂದು ಹತ್ತರಿಂದ ಐದರವರೆಗೆ ಕರೆಂಟು ಇರಲಿಲ್ಲ. ಕಾಲೇಜಿನ ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ರೂಬಿನಾ ಟೈಪ್ ಮಾಡುತ್ತಿದ್ದಳು. ಸರ್ ಅವಳ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದರು. ಮೊದಮೊದಲು ಬಂದವರು ಗಂಡಸರು, ಆಮೇಲೆ ವಿಧವೆಯರು. ಗಂಡ ಬದುಕಿದ್ದ ಇಬ್ಬರು ಮುದುಕಿಯರಲ್ಲಿ ಒಬ್ಬಳು ಗೋಡೆಗೆ ಮುಖ ಮಾಡಿ ಹೆಸರನ್ನು ಒಂದೇ ಉಸಿರಿಗೆ ಹೇಳಿ ಗಲ್ಲ ಬಡಿದುಕೊಂಡಳು; ಇನ್ನೊಬ್ಬಳು ಕಹಿ ಔಷಧ ಉಗುಳಿದಂತೆ ಉಗುಳಿದಳು. ಮೂವತ್ತೆಂಟು ಹೆಸರು ಮುಗಿದಾಗ ಸರ್, “ನೋಡು, ಕೇಳೂಹಂಗ ಕೇಳಿದ್ರ ಹೇಳ್ತಾರ,” ಎಂದರು.

ಮೂವತ್ತೊಂಬತ್ತನೆಯವಳು ಅನ್ನವ್ವ.

ಅನ್ನವ್ವನನ್ನು ಗಂಡ ಈರಪ್ಪ ಕೈಹಿಡಿದು ಕರೆತಂದಿದ್ದ. ಅವಳ ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಎಡಗಣ್ಣಿಗೂ ಈಗ ಶುರುವಾಗಿತ್ತು. ಹೋದ ತಿಂಗಳು ರೊಟ್ಟಿಯೆಂದು ಕಾದ ಹಂಚಿನ ಅಂಚನ್ನೇ ಹಿಡಿದು ಎರಡು ಬೆರಳು ಸುಟ್ಟುಕೊಂಡಿದ್ದಳು. ಬಲಗಣ್ಣಿನ ಪೊರೆ ಪೂರಾ ಬಲಿತಿದೆ, ಇನ್ನೊಂದು ವರ್ಷ ಕಾದರೆ ಕಣ್ಣಿನ ಖಾತ್ರಿ ಇಲ್ಲ ಎಂದು ಕುಂದಗೋಳದ ಡಾಕ್ಟರು ಹೇಳಿದ್ದರು. ಹೋದ ವರ್ಷದ ಪಟ್ಟಿಯಲ್ಲಿ ಅವಳ ಹೆಸರು ಐವತ್ತೊಂದನೆಯದು.

ಹೆಸರು, ಅನ್ನವ್ವ. ವಯಸ್ಸು, ಅರವತ್ತೊಂಬತ್ತು, ಎಂದು ಅಂಕಿಯಾಗಿಯೇ ಹೇಳಿದಳು. ರೂಬಿನಾಗೆ ಖುಷಿಯಾಯಿತು.

“ಗಂಡನ ಹೆಸರು ಹೇಳ್ರಿ ಅಜ್ಜಿ.”

ಅನ್ನವ್ವ ಸೆರಗನ್ನು ಮುಂದಕ್ಕೆಳೆದುಕೊಂಡು ಸುಮ್ಮನೆ ಕುಳಿತಳು.

“ಹೇಳ್ರಿ.”

“ನಿನಗ ಗೊತ್ತೈತಲ್ಲ ತಂಗಿ. ದಿನಾ ನಿಮ್ಮಪ್ಪನ ಅಂಗಡ್ಯಾಗ ಬಂದು ಕುಂದರ್ತಾರ.”

“ಗೊತ್ತೈತಿ. ನೀವು ಹೇಳಬೇಕು.”

“ಅವರು.”

ರೂಬಿನಾ ‘ಅವರು’ ಎಂದು ಟೈಪ್ ಮಾಡಿದಳು. ತಪ್ಪು, ಮತ್ತೆ ನಮೂದಿಸಿ.

“ಚನಬಸುನ ಅಪ್ಪ.”

ತಪ್ಪು, ಮತ್ತೆ ನಮೂದಿಸಿ.

ಬಾಗಿಲಲ್ಲಿ ನಿಂತಿದ್ದ ಈರಪ್ಪ ಒಂದು ಹೆಜ್ಜೆ ಒಳಗಿಟ್ಟ. “ಈರಪ್ಪ ಅಂತ ಬರಕೋ. ನಾನ ಅದೇನಿ ಇಲ್ಲೇ.”

“ನೀವು ಅರ್ಜಿದಾರರಲ್ಲ,” ಎಂದರು ಸರ್.

“ಅರ್ಜಿದಾರಳ ಗಂಡ ಅದೇನಲ್ರಿ.”

“ಅದು ಅವರ ಬಾಯಿಂದ ಬರಬೇಕು.”

“ಐವತ್ತೆರಡು ವರ್ಷ ನಾನೂ ಕಾದೇನ್ರಿ, ಬಂದಿಲ್ಲ. ನೀವು ಐದು ಮಿನಿಟಿನ್ಯಾಗ ತರಸ್ತೀರಿ?”

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅಂಗನವಾಡಿಯಲ್ಲಿ ಕೆಲಸ ಮಾಡುವ ಮಾದೇವಿ, ತನ್ನ ಅತ್ತೆಯನ್ನು ಕರೆತಂದವಳು, “ಒಡಪು ಹಚ್ಚಿ ಹೇಳಿಬಿಡ್ರಿ ಅನ್ನವ್ವಾಯಿ, ಮದವ್ಯಾಗ ಹೇಳಿದಂಗ,” ಎಂದಳು. ಮದುವೆಯಲ್ಲಿ ಹೊಸ್ತಿಲು ಕಟ್ಟಿ ಕೇಳಿದಾಗ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳಲು ಮಾಫಿ ಉಂಟು.

“ಇದೇನ ಮದವಿಯೇನಬೇ?” ಎಂದಳು ಅನ್ನವ್ವ. “ಅಕ್ಕಿಕಾಳು ಇಲ್ಲ, ಬಾಸಿಂಗ ಇಲ್ಲ. ಒಂದು ಕರೇ ಡಬ್ಬಿ ಇಟಗೊಂಡು ಕುಂತಾರ.”

ಸರ್ ಮೃದುವಾಗಿ ಮಾತಾಡಲು ನೋಡಿದರು. “ನೋಡವ್ವ, ಇದು ಅಗದಿ ಸರಳ ಪ್ರಶ್ನೆ. ಹೆಸರು ಹೇಳಿದ್ರ ಯಾರ ಆಯುಷ್ಯಾನೂ ಕಡಿಮಿ ಆಗೂದಿಲ್ಲ. ಅದಕ್ಕ ಯಾವ ಪುರಾವೆನೂ ಇಲ್ಲ.”

“ನಿಮ್ಮ ಮನ್ಯಾಗ ಅಕ್ಕಾರಿಗೆ ಏನಂತ ಕರೀತೀರಿ ಸರ್?”

ಸರ್ ಕನ್ನಡಕ ಒರೆಸಿಕೊಂಡರು. ಅವರು ಹೆಂಡತಿಯನ್ನು ‘ಅಮೃತಾನ ಅವ್ವ’ ಎಂದು ಕರೆಯುತ್ತಿದ್ದರು, ಅಮೃತಾ ಹುಟ್ಟುವ ಮೊದಲು ‘ಕೇಳಿದ್ಯಾ’ ಎನ್ನುತ್ತಿದ್ದರು. “ಅದು ಬ್ಯಾರೆ ವಿಚಾರ,” ಎಂದರು.

“ಹೋದ ಶ್ರಾವಣದಾಗ ಇವರು ಎದಿ ಹಿಡಕೊಂಡು ಬಿದ್ದಿದ್ರು. ಎರಡು ದಿನ ಹುಬ್ಬಳ್ಳ್ಯಾಗ ಇಟಗೊಂಡಿದ್ರು,” ಎಂದಳು ಅನ್ನವ್ವ. “ನನ್ನ ಒಂದು ಕಣ್ಣಿನ ಸಲುವಾಗಿ ಅದಕ್ಕ ಕೈ ಹಾಕ್ಲಿ? ಪುರಾವೆ ಇಲ್ಲ ಅಂತೀರಿ. ಪುರಾವೆ ಸಿಕ್ಕ ಮ್ಯಾಲ ನಾ ಏನ್ ಮಾಡ್ಲಿ?”

ವಿಜ್ಞಾನ ಓದಿದವರಿಗೆ ಈ ಪ್ರಶ್ನೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಕೆಲವು ಪ್ರಯೋಗಗಳನ್ನು ಒಮ್ಮೆ ಮಾತ್ರ ಮಾಡಲು ಬರುತ್ತದೆ.

“ಇವರನ್ನ ಬಾಜೂಕ ಇಟ್ಟು ಮುಂದಿನವರನ್ನ ತಗೋ,” ಎಂದರು ಸರ್.

ರೂಬಿನಾ ಕೈ ಮೇಲಕ್ಕೆತ್ತಿ ಹಾಗೆಯೇ ನಿಲ್ಲಿಸಿದಳು. ಪ್ರೋಗ್ರಾಮಿನ ಗುಣ ಅವಳಿಗೀಗ ಅರ್ಥವಾಗುತ್ತಿತ್ತು. ಸರಿಯಾದ ಉತ್ತರ ಬರುವವರೆಗೆ ಬಿಡಬಾರದೆಂದು ಹೇಳಿದ್ದರಿಂದ ಅದು ಬಿಡುತ್ತಿರಲಿಲ್ಲ. ಈ ಪ್ರಶ್ನೆಯಿಂದ ಹೊರಗೆ ಹೋಗುವ ದಾರಿಯನ್ನು ಅವಳು ಬರೆದೇ ಇರಲಿಲ್ಲ. ಬಲವಂತವಾಗಿ ನಿಲ್ಲಿಸಬಹುದಿತ್ತು. ಆದರೆ ಎಲ್ಲರ ವಿವರ ಯಂತ್ರದ ತಾತ್ಕಾಲಿಕ ನೆನಪಿನಲ್ಲಿತ್ತು. ಕೊನೆಯ ಮನುಷ್ಯನಾದ ಮೇಲೆ ಒಮ್ಮೆಗೇ ಫೈಲಿಗೆ ಬರೆಯುವಂತೆ ಅವಳು ಮಾಡಿದ್ದಳು.

“ನಿಲ್ಲಿಸಿದ್ರ ಮೂವತ್ತೆಂಟು ಮಂದಿನೂ ಹೋಗ್ತಾರ್ರಿ ಸರ್.”

“ಹೋಗ್ತಾರ ಅಂದ್ರ?”

“ಅಳಿಸಿ ಹೋಗ್ತಾರ್ರಿ. ಬ್ಯಾಟರಿ ಸತ್ತರೂ ಹೋಗ್ತಾರ. ಹದಿನೇಳು ಪರ್ಸೆಂಟ್ ಐತಿ.”

ಗೌಸನ ಅಂಗಡಿಯಲ್ಲಿ ಇನ್ವರ್ಟರ್ ಇತ್ತು. ತರಲು ಮಾದೇವಿ ಓಡಿದಳು. ಅವಳು ಬರುವ ಮೊದಲೇ ಹನ್ನೊಂದು ಪರ್ಸೆಂಟಿಗೆ ಇಳಿದಿತ್ತು. ಸಾಲಿನಿಂದ ರಹೀಮಾಬಿ, “ನಾ ಬೆಳಿಗ್ಗೆ ಚಹಾನೂ ಕುಡದಿಲ್ಲ,” ಎಂದು ಯಾರಿಗೋ ಹೇಳುತ್ತಿದ್ದಳು.

ಆಗ ಕಾಶಿನಾಥ ಸರ್ ಬಗ್ಗಿ, ಯಾದಿಯ ಮೊದಲ ಹೆಸರನ್ನು ನೋಡಿ, ತಾವೇ ಟೈಪ್ ಮಾಡಿದರು. ಮನೆ ನಂಬರ್ ಒಂದು, ಮಾಳಪ್ಪ. ಪ್ರೋಗ್ರಾಮು ಸಂತೋಷದಿಂದ ಒಪ್ಪಿತು. ಯಾವ ಕಣ್ಣು ಎಂದಾಗ 1 ಒತ್ತಿದರು, ಅದು ಹತ್ತಿರವಿತ್ತು. ಇನ್ನೂ ಯಾರಾದರೂ ಇದ್ದಾರೆಯೇ ಎಂದಾಗ ಇಲ್ಲವೆಂದರು. ತೆರೆಯ ಮೇಲೆ ಪಟ್ಟಿ ಮೂಡಿ, ಕೆಳಗೆ ‘39 ಜನರ ವಿವರ ಉಳಿಸಲಾಗಿದೆ’ ಎಂದು ಬಂತು. ಖಾಲಿ ಬಿಟ್ಟರೆ ಒಪ್ಪದ, ನಿಜವನ್ನು ಬಾಜು ನಿಂತವರು ಹೇಳಿದರೂ ಒಪ್ಪದ ಪದ್ಧತಿಯೊಂದು ಹೀಗೆ ನಾಲ್ಕು ಸೆಕೆಂಡಿನಲ್ಲಿ ಸಮಾಧಾನಗೊಂಡಿತು.

“ಸದ್ಯಕ್ಕ ಹಿಂಗಿರಲಿ,” ಎಂದರು ಸರ್.

ಅಷ್ಟರಲ್ಲಿ ಇನ್ವರ್ಟರ್ ತಂದಿಟ್ಟು ವೈರು ಚುಚ್ಚಿದ ಮಾದೇವಿ ಪಟ್ಟಿಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು. “ಮೂವತ್ತೊಂಬತ್ತು. ಅನ್ನವ್ವ. ಅರವತ್ತೊಂಬತ್ತು. ಗಂಡ, ಮಾಳಪ್ಪ.”

ಕೋಣೆಯಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿ ನೋಡಿದರು. ಮಾಳಪ್ಪ ಅಲ್ಲೇ ಬೆಂಚಿನ ಮೇಲಿದ್ದ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾದ ಎಪ್ಪತ್ತೆರಡರ ಮುದುಕ, ತನ್ನ ಸರದಿಗೆ ಕಾಯುತ್ತಿದ್ದ.

“ನನ್ನನ್ನ ಯಾರೂ ಕೇಳಲಿಲ್ಲ,” ಎಂದ ಮಾಳಪ್ಪ.

“ಕೇಳಿದ್ರ ಒಲ್ಲೆ ಅಂತಿದ್ದೇನು?” ಎಂದಳು ರಹೀಮಾಬಿ.

“ವಿಚಾರ ಮಾಡಿ ಹೇಳ್ತಿದ್ದೆ.”

ಈರಪ್ಪ ನಗಲಿಲ್ಲ. ಅನ್ನವ್ವ ಎದ್ದು ನಿಂತಿದ್ದಳು. “ಮಾಳಪ್ಪ? ಈ ಮಾಳಪ್ಪ? ಹತ್ತಿ ಬಿಡಸಾಕ ಹೋದ್ರ ಮಾಳಪ್ಪನ ಹೊಲದಾಗ ನೀರು ಕುಡ್ಯಾಕ ಸೈತ ನಾ ಕುಂತಿಲ್ಲ. ತಗೀರಿ ನನ್ನ ಹೆಸರು. ಮಂದಿ ಹೆಂಡತಿ ಅನಿಸ್ಕೊಂಡು ನನಗ ಕಣ್ಣು ಬ್ಯಾಡ.”

ಹೆಸರು ತೆಗೆಯುವ ಸೌಲಭ್ಯ ಪ್ರೋಗ್ರಾಮಿನಲ್ಲಿರಲಿಲ್ಲ. ಫೈಲನ್ನು ತೆರೆದು ಆ ಸಾಲನ್ನು ತಾನೇ ತಿದ್ದುತ್ತೇನೆಂದು ರೂಬಿನಾ ಹೇಳಿದಳು. ಸರ್ ಒಪ್ಪಲಿಲ್ಲ. ಕೈಯಿಂದ ತಿದ್ದಿದ ಪಟ್ಟಿಗೂ ಹೋದ ವರ್ಷದ ನೋಟುಬುಕ್ಕಿಗೂ ಏನು ವ್ಯತ್ಯಾಸ ಉಳಿಯಿತು? ಬೇಕಾದರೆ ಅನ್ನವ್ವ ಮೊದಲಿನಿಂದ ಉತ್ತರ ಕೊಟ್ಟು ನಲವತ್ತನೆಯವಳಾಗಲಿ. ಹಳೆಯ ಸಾಲನ್ನು ಆಸ್ಪತ್ರೆಯವರೇ ನೋಡಿ ಕೈಬಿಡುತ್ತಾರೆ. ಆದರೆ ಮೂರನೆಯ ಪ್ರಶ್ನೆಗೆ ಉತ್ತರ ಬೇಕೇ ಬೇಕು.

“ನಡಿ ಮನಿಗೆ ಹೋಗೂಣು,” ಎಂದು ಈರಪ್ಪ ಅವಳ ಕೈ ಹಿಡಿದ. ಅನ್ನವ್ವ ಬಾಗಿಲ ಚೌಕಟ್ಟನ್ನು ತಡವಿ ಹುಡುಕಿದಳು. ಅದು ಅವಳೆಂದುಕೊಂಡದ್ದಕ್ಕಿಂತ ಒಂದು ಗೇಣು ಆಚೆಗಿತ್ತು.

ಅದನ್ನು ನೋಡಿ ರೂಬಿನಾ ಎದ್ದಳು. “ಅಜ್ಜಿ, ಒಂದು ಮಾತು. ಮಾಳಪ್ಪಜ್ಜನ ಹೆಸರು ಈಗ ಮೂರು ಸಲ ಹೇಳಿದ್ರಿ.”

“ಹೇಳ್ತೇನಿ. ಅಂವ ನನಗೇನಾಗಬೇಕು?”

“ಓಣ್ಯಾಗ ಉಳದವರ ಹೆಸರೂ ಹೇಳ್ತೀರಿ?”

“ಯಾಕ ಹೇಳಬಾರದು?”

“ಎಲ್ಲಾರದೂ?”

ಅನ್ನವ್ವ ಉತ್ತರ ಕೊಡಲಿಲ್ಲ.

ರೂಬಿನಾ ಸರ್ ಅವರಿಂದ ಹತ್ತು ನಿಮಿಷ ಕೇಳಿಕೊಂಡಳು. ಮೂರನೆಯ ಪ್ರಶ್ನೆಯನ್ನು ಅಳಿಸಿ ಆ ಜಾಗದಲ್ಲಿ ಎಂಟು ಸಾಲು ಬರೆದಳು. ಹೊಸ ಪ್ರೋಗ್ರಾಮು ಗಂಡನ ಹೆಸರು ಕೇಳುತ್ತಿರಲಿಲ್ಲ. ಯಾದಿಯ ಹೆಸರುಗಳನ್ನು ಒಂದೊಂದಾಗಿ ತೋರಿಸುತ್ತಿತ್ತು. ಅರ್ಜಿದಾರಳು ಆ ಹೆಸರನ್ನು ತಾನೂ ಹೇಳಿದರೆ ಅದನ್ನು ಟೈಪ್ ಮಾಡಬೇಕು, ಆಗ ಅವನು ಗಂಡನಲ್ಲ. ಏನೂ ಹೇಳದಿದ್ದರೆ ಬರೀ ಎಂಟರ್ ಒತ್ತಬೇಕು. ಇಷ್ಟು ದಿನ ಎಲ್ಲಕ್ಕಿಂತ ದೊಡ್ಡ ತಪ್ಪೆಂದು ತಳ್ಳಿಹಾಕುತ್ತಿದ್ದ ಖಾಲಿ ಉತ್ತರವೇ ಈಗ ಉತ್ತರ. ಇನ್ನೊಂದು ಸಾಲನ್ನೂ ಅವಳು ಸೇರಿಸಿದಳು: ಪ್ರತಿಯೊಬ್ಬರ ವಿವರವೂ ಮುಗಿದ ಕ್ಷಣವೇ ಫೈಲಿಗೆ ಹೋಗಬೇಕು.

“ಮೌನ ಹೆಂಗ ಉತ್ತರ ಆಗ್ತದ?” ಎಂದರು ಸರ್.

“ಬಾಯಿಂದ ಬಂದದ್ದನ್ನಷ್ಟ ಟೈಪ್ ಮಾಡು ಅಂದಿದ್ರಿ ಸರ್. ಏನೂ ಬರದಿದ್ರ ಏನೂ ಟೈಪ್ ಮಾಡೂದಿಲ್ರಿ.”

ಸರ್ ನಿಯಮವನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡರು. ಸ್ವತಃ ರಚಿಸಿದ್ದರಿಂದ ಅದರಲ್ಲಿ ದೋಷ ಕಾಣಲಿಲ್ಲ. “ಮಾಡು,” ಎಂದರು.

“ಒಂದು. ಮಾಳಪ್ಪ.”

“ಮಾಳಪ್ಪ,” ಎಂದಳು ಅನ್ನವ್ವ, ಬಾಯಿಂದ ಹೊಟ್ಟು ಊದಿದಂತೆ.

“ಸಾವಕಾಶ ಹೇಳವ್ವ,” ಎಂದ ಮಾಳಪ್ಪ. “ನನಗೂ ಆಯುಷ್ಯ ಬೇಕಾಗೈತಿ.”

“ಎರಡು. ಫಕ್ರುಸಾಬ.”

“ಫಕ್ರುಸಾಬ. ನಮ್ಮ ಮಗಳ ಮದವಿಗೆ ಹಂಡೆ ಕೊಟ್ಟಿದ್ದ. ಒಂದು ಹಂಡೆ ಇನ್ನೂ ನಮ್ಮನ್ಯಾಗ ಐತಿ.”

“ಹೆಸರಷ್ಟ ಹೇಳ್ರಿ ಅಜ್ಜಿ. ಮೂರು. ಗದಿಗೆಪ್ಪ.”

“ಗದಿಗೆಪ್ಪ. ಸತ್ತು ಸ್ವರ್ಗಕ್ಕ ಹೋದ. ಹೋದ್ನೋ ಇಲ್ಲೋ.”

ಹೀಗೆ ಓಣಿಯ ಗಂಡಸರೆಲ್ಲ ಒಬ್ಬೊಬ್ಬರಾಗಿ ಅವಳ ಬಾಯಿಂದ ದಾಟಿದರು. ಶರೀಫಸಾಬನ ಎತ್ತು, ಚನ್ನವೀರಗೌಡನ ಎರಡನೆಯ ಮದುವೆ, ಅತಾವುಲ್ಲಾ ಚಿಕ್ಕಂದಿನಲ್ಲಿ ಕಡಲೆ ಹೊಲದಲ್ಲಿ ಸಿಕ್ಕಿಬಿದ್ದದ್ದು. ಸಾಲು ಕೆಟ್ಟು ಹೆಂಗಸರೆಲ್ಲ ಮೇಜಿನ ಸುತ್ತ ನಿಂತಿದ್ದರು. ಅರವತ್ತು ಹೆಸರು ಆಯಿತು.

“ಅರವತ್ತೊಂದು,” ಎಂದಳು ರೂಬಿನಾ. “ಈರಪ್ಪ.”

ಅನ್ನವ್ವ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಬಾಗಿಲಲ್ಲಿ ಈರಪ್ಪ ತನ್ನ ಚಪ್ಪಲಿಗೆ ಹತ್ತಿದ ಕರಿಮಣ್ಣನ್ನು ಹೊಸ್ತಿಲಿಗೆ ತಿಕ್ಕುತ್ತ ನಿಂತಿದ್ದ. ರೂಬಿನಾ ಹತ್ತರವರೆಗೆ ಎಣಿಸಿ ಎಂಟರ್ ಒತ್ತಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಸರ್ ಮುಗಿಸಗೊಡಲಿಲ್ಲ. ಈ ಮೌನ ಒಂದೇ ಹೆಸರಿಗೆ ಸೀಮಿತವೆಂಬುದು ಸಿದ್ಧವಾಗಬೇಕಾದರೆ ಉಳಿದ ನೂರ ಐವತ್ತನ್ನೂ ಕೇಳಬೇಕು ಎಂದರು. ಕೇಳಿದರು. ಅನ್ನವ್ವ ನೂರ ಐವತ್ತನ್ನೂ ಹೇಳಿದಳು, ನಡುವೆ ಎರಡು ಸಲ ನೀರು ಕುಡಿದಳು. ಕೊನೆಗೆ ಯಾವ ಕಣ್ಣು ಎಂದಾಗ ಬಲ ಎಂದಳು. ನಲವತ್ತು, ಅನ್ನವ್ವ, ಅರವತ್ತೊಂಬತ್ತು, ಗಂಡ ಈರಪ್ಪ, ಬಲ.

ಸಂಜೆಯ ಹೊತ್ತಿಗೆ ಐವತ್ತು ತುಂಬಿತು. ಬಂದವರು ನಲವತ್ತೊಂಬತ್ತು ಜನ. ಸಂಖ್ಯೆ ಸರಿಯಾಗಿ ಐವತ್ತೇ ಆದದ್ದು ಸರ್ ಅವರಿಗೆ ಶುಭಸೂಚನೆಯಾಗಿ ಕಂಡಿತು. ಪ್ರಾಜೆಕ್ಟಿಗೆ ಇಪ್ಪತ್ತರಲ್ಲಿ ಹನ್ನೊಂದು ಅಂಕ ಕೊಟ್ಟು, ಕಾರಣದ ಜಾಗದಲ್ಲಿ ‘ಖಾಲಿ ಉತ್ತರವನ್ನು ಒಪ್ಪುತ್ತದೆ’ ಎಂದು ಬರೆದರು.

ಎಂಟು ದಿನಕ್ಕೆ ಆಸ್ಪತ್ರೆಯಿಂದ ತಾರೀಖಿನ ಪಟ್ಟಿ ಬಂತು. ಆಸ್ಪತ್ರೆಯ ಕಂಪ್ಯೂಟರಿಗೂ ಅದರದೇ ನಿಯಮಗಳಿದ್ದವು. ಹೆಸರೂ ವಯಸ್ಸೂ ಒಂದೇ ಆದರೂ ಗಂಡಂದಿರು ಬೇರೆ ಬೇರೆ ಇದ್ದದ್ದರಿಂದ ಅದು ಇಬ್ಬರು ಅನ್ನವ್ವರನ್ನು ಕಂಡಿತ್ತು. ಈರಪ್ಪನ ಹೆಂಡತಿಯ ಬಲಗಣ್ಣಿಗೆ ಒಂಬತ್ತನೆಯ ತಾರೀಖು, ಮಾಳಪ್ಪನ ಹೆಂಡತಿಯ ಎಡಗಣ್ಣಿಗೆ ಮುಂದಿನ ತಿಂಗಳ ಹನ್ನೆರಡು. ಸರ್ ತಿದ್ದುಪಡಿ ಪತ್ರ ಬರೆಯಲು ಕುಳಿತರು. ಪಟ್ಟಿಯಲ್ಲಿ ತಪ್ಪಿದೆಯೆಂದು ತಾವೇ ಬರೆದು ಕೊಟ್ಟರೆ ಮುಂದಿನ ವರ್ಷ ಶಿಬಿರವಿರುವುದಿಲ್ಲ. ಪೆನ್ನಿನ ಮುಚ್ಚಳ ಹಾಕಿ ಎದ್ದರು.

ಒಂಬತ್ತನೆಯ ತಾರೀಖಿಗೆ ರೂಬಿನಾ ಅನ್ನವ್ವನ ಜೊತೆಗೆ ಹೋದಳು. ಕೌಂಟರಿನಲ್ಲಿ ಗುಮಾಸ್ತ ಗಂಡನ ಹೆಸರು ಕೇಳಿದ, ಅನ್ನವ್ವ ನೆಲ ನೋಡುತ್ತ ನಿಂತಳು. ರೂಬಿನಾ ಪಟ್ಟಿ ತೋರಿಸಿದಳು. ರೋಗಿಯೇ ಹೇಳಬೇಕೆಂದು ಗುಮಾಸ್ತ ಮೇಲಿನವರನ್ನು ಕರೆಸಿದ, ಮೇಲಿನವರು ಅವರಿಗಿಂತ ಮೇಲಿನವರನ್ನು ಕೇಳಿ ಬಂದರು. ಮುಕ್ಕಾಲು ಗಂಟೆ ಹಿಡಿಯಿತು. ಆಪರೇಷನ್ನು ಹನ್ನೆರಡು ನಿಮಿಷದಲ್ಲಿ ಮುಗಿಯಿತು.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅನ್ನವ್ವ ಮನೆಯ ಮಾಡಿನ ಜೇಡರ ಬಲೆಗಳನ್ನೂ ಜೋಳದಲ್ಲಿದ್ದ ಹರಳುಗಳನ್ನೂ ನೋಡಿದಳು. ಗಂಡನನ್ನೂ ನೋಡಿ, “ಇಷ್ಟು ಮುದುಕ ಯಾವಾಗಾದ್ರಿ?” ಎಂದಳು. ಆದರೆ ಎಡಗಣ್ಣಿನ ಮಾತು ಬಂದಾಗ ಹಟ ಹಿಡಿದಳು.

“ಅಂವನ ಹೆಸರಿನ ಮ್ಯಾಲ ನಾ ಬರೂದಿಲ್ಲ.”

“ಕಣ್ಣು ನಿಂದು,” ಎಂದ ಈರಪ್ಪ. “ಹೆಸರು ಬರದವರು ಕಾಶಿನಾಥ ಸರ್. ಮಾಳಪ್ಪಂದು ಅದರಾಗ ಏನೈತಿ?”

“ಮಂದಿ ಏನಂದಾರು?”

“ಮಂದಿ ಅನ್ನೂದನ್ನೆಲ್ಲಾ ಅವತ್ತ ಸಾಲ್ಯಾಗ ಅಂದು ಮುಗಿಸ್ಯಾರ.”

ಎರಡು ದಿನ ಅನ್ನವ್ವ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಗೋಡೆಯ ಕ್ಯಾಲೆಂಡರನ್ನು ನೋಡಿದಳು. ಮೂರನೆಯ ದಿನ, ಈರಪ್ಪ ಜೊತೆಗೆ ಬರುವುದಾದರೆ ಬರುತ್ತೇನೆ ಎಂದಳು.

ಹನ್ನೆರಡನೆಯ ತಾರೀಖಿಗೆ ರೂಬಿನಾಗೆ ಪರೀಕ್ಷೆಯಿತ್ತು. ಇಬ್ಬರೇ ಬಸ್ಸಿನಲ್ಲಿ ಹೋದರು. ಕೌಂಟರಿನಲ್ಲಿ ಬೇರೆ ಗುಮಾಸ್ತನಿದ್ದ. ಅವನೂ ತಲೆ ಎತ್ತಲಿಲ್ಲ.

“ಹೆಸರು?”

“ಅನ್ನವ್ವ.”

“ವಯಸ್ಸು?”

“ಅರವತ್ತೊಂಬತ್ತು.”

“ಗಂಡನ ಹೆಸರು?”

“ಮಾಳಪ್ಪ,” ಎಂದಳು ಅನ್ನವ್ವ. ಸೆರಗು ಎಳೆದುಕೊಳ್ಳಲಿಲ್ಲ, ನೆಲ ನೋಡಲಿಲ್ಲ, ಕ್ಷಣವೂ ತಡಮಾಡಲಿಲ್ಲ. ಗುಮಾಸ್ತ ಟೈಪ್ ಮಾಡಿದ. ಯಂತ್ರ ಒಪ್ಪಿತು. ಇಷ್ಟು ಬೇಗ ಮುಗಿದದ್ದಕ್ಕೆ ಗುಮಾಸ್ತ ತಲೆಯೆತ್ತಿ, ಚೀಲ ಹಿಡಿದು ನಿಂತಿದ್ದ ಈರಪ್ಪನ ಕಡೆ ಪೆನ್ನು ತೋರಿಸಿದ.

“ಇವರ್ಯಾರು?”

ಅನ್ನವ್ವ ಸುಮ್ಮನಾದಳು. ಈರಪ್ಪ ಮುಂದೆ ಬಂದ.

“ನಾ ಬಾಜು ಮನಿಯವ್ರಿ. ಮಾಳಪ್ಪಗ ಬಸ್ ಹತ್ತಿದ್ರ ವಾಂತಿ ಆಗ್ತೈತಿ. ಅದಕ್ಕ ನಾ ಕರಕೊಂಡು ಬಂದೇನಿ.”

ಗುಮಾಸ್ತ ಚೀಟಿ ಹರಿದು ಕೊಟ್ಟ. ಇಬ್ಬರೂ ಬೆಂಚಿನ ತುದಿಯಲ್ಲಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಅನ್ನವ್ವ ತಗ್ಗಿದ ದನಿಯಲ್ಲಿ ಕೇಳಿದಳು, “ಅಂವಗ ವಾಂತಿ ಆಗ್ತೈತಿ ಅಂತ ನಿಮಗ್ಯಾರು ಹೇಳಿದ್ರು?”

“ನನಗೇನು ಗೊತ್ತು? ನಿನ್ನ ಗಂಡ, ನಿನಗ ಗೊತ್ತಿರಬೇಕು.”

ಅನ್ನವ್ವ ಅವನ ತೊಡೆಗೆ ಕೈಯಿಂದ ಒಂದು ಏಟು ಕೊಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಷ್ಟರಲ್ಲಿ ನರ್ಸು ಬಾಗಿಲಿಗೆ ಬಂದು, ಕಾಗದ ನೋಡಿ, “ಅನ್ನವ್ವ, ಗಂಡ ಮಾಳಪ್ಪ,” ಎಂದು ಕೂಗಿದಳು. ಅನ್ನವ್ವ ಕೈಬಳೆ, ಮೂಗುತಿ ಬಿಚ್ಚಿ ಈರಪ್ಪನ ಅಂಗೈಯಲ್ಲಿಟ್ಟು ಒಳಗೆ ಹೋದಳು.